ಬಣ್ಣ ನೋಡಿ ಮರುಳಾದೆ: ಹಿತ್ತಾಳೆ ಕೇಸಿನ ಕತ್ತು ಕಾಯಿಸಿದ ಕಥೆ

ಕೈತುಂಬ ಖಾಲಿ ಕೇಸು ಹಿಡಿದು ಅಲುಗಾಡಿಸಿದರೆ ಗೆಜ್ಜೆಯ ಹಾಗೆ ಗಲಗಲ ಅನ್ನಬೇಕು. ಅವತ್ತು ಅನ್ನಲಿಲ್ಲ. ನಡುವೆ ಎಲ್ಲೋ ಒಡಕು ಗಡಿಗೆ ಬಡಿದ ಹಾಗೆ ಒಂದು ದನಿ ಸೇರಿಕೊಂಡಿತ್ತು. ಒಂದೊಂದಾಗಿ ತೆಗೆದು ದೀಪದ ಕೆಳಗೆ ತಿರುಗಿಸಿ ನೋಡಿದೆ. ಇಪ್ಪತ್ತರಲ್ಲಿ ಮೂರು ಕೇಸಿನ ಕತ್ತು ಉದ್ದಕ್ಕೆ ಸೀಳಿತ್ತು, ಕೂದಲೆಳೆಯಷ್ಟು ಸಣ್ಣಗೆ.

ಕೇಸು ಅಂದರೆ ಕೋರ್ಟಿನ ಕೇಸಲ್ಲ. ರೈಫಲಿನಿಂದ ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಕೊಳವೆ. ಅದಕ್ಕೆ ಹೊಸ ಪ್ರೈಮರ್ (ತಳದಲ್ಲಿ ಕೂತು, ಪೆಟ್ಟು ಬಿದ್ದಾಗ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು), ಹೊಸ ಸಿಡಿಮದ್ದು, ಹೊಸ ಗುಂಡು ಕೂರಿಸಿ ಮತ್ತೆ ಬಳಸುವುದಕ್ಕೆ ರೀಲೋಡಿಂಗ್ ಅನ್ನುತ್ತಾರೆ. ಕಾನೂನು ಒಪ್ಪುವ ಕಡೆ, ಪರವಾನಗಿ ಇದ್ದವರು ಮಾಡುವ ಕೆಲಸ ಅದು. ನನ್ನವು ಪಾಯಿಂಟ್ 308 ವಿಂಚೆಸ್ಟರ್ ಅನ್ನುವ ಅಳತೆಯ ಕೇಸುಗಳು. ಆರು ಸಲ ತುಂಬಿಸಿದ್ದೆ, ಆರು ಸಲ ಹಾರಿಸಿದ್ದೆ. ತಳ ಗಟ್ಟಿಯಾಗಿತ್ತು, ಮೈ ಚೆನ್ನಾಗಿತ್ತು, ಗುಂಡನ್ನು ಹಿಡಿಯುವ ಮೇಲಿನ ತುದಿ, ಅಂದರೆ ಕತ್ತು, ಮಾತ್ರ ಕೈಕೊಟ್ಟಿತ್ತು. ಉಳಿದ ಹದಿನೇಳೂ ಇವತ್ತಲ್ಲ ನಾಳೆ ಅದೇ ದಾರಿ ಹಿಡಿಯುತ್ತವೆ ಅಂತ ಗೊತ್ತಾಯಿತು.

ಒಂದು ತಂತಿ ತೆಗೆದುಕೊಂಡು ಒಂದೇ ಜಾಗದಲ್ಲಿ ಆಚೆ ಈಚೆ ಬಗ್ಗಿಸುತ್ತಾ ಹೋಗಿ. ಮೊದಲು ಸಲೀಸಾಗಿ ಬಗ್ಗುತ್ತದೆ, ಆಮೇಲೆ ಬಿಗಿಯಾಗುತ್ತದೆ, ಕೊನೆಗೆ ಪಟ್ ಅಂತ ಮುರಿಯುತ್ತದೆ. ಕೇಸಿನ ಕತ್ತಿಗೂ ಆಗುವುದು ಅದೇ. ಗುಂಡು ಹಾರುವಾಗ ಕತ್ತು ಹಿಗ್ಗಿ ಚೇಂಬರಿನ, ಅಂದರೆ ರೈಫಲಿನಲ್ಲಿ ಕೇಸು ಕೂರುವ ಜಾಗದ, ಗೋಡೆಗೆ ಒತ್ತಿಕೊಳ್ಳುತ್ತದೆ. ಮನೆಗೆ ತಂದು ಸೈಜಿಂಗ್ ಡೈ ಅನ್ನುವ ಅಚ್ಚಿಗೆ ಹಾಕಿದರೆ ಅದು ಹಿಂಡಿ ಸಣ್ಣದು ಮಾಡುತ್ತದೆ, ಬೇಕಾದ್ದಕ್ಕಿಂತ ಜಾಸ್ತಿಯೇ ಹಿಂಡುತ್ತದೆ. ಆಮೇಲೆ ಡೈಯೊಳಗಿನ ಎಕ್ಸ್‌ಪ್ಯಾಂಡರ್ ಗುಂಡಿ ಅದೇ ಕತ್ತಿನೊಳಗಿಂದ ಹೊರಗೆ ಬರುತ್ತಾ ಮತ್ತೆ ಅಗಲ ಮಾಡುತ್ತದೆ. ಹೊಸ ಗುಂಡು ಕೂರಿಸುವಾಗ ಇನ್ನೊಂಚೂರು. ಒಂದೇ ಸುತ್ತಿನಲ್ಲಿ ನಾಲ್ಕು ಸಲ ಹಿಗ್ಗಿಸಿ ಕುಗ್ಗಿಸಿದರೆ ಆ ತೆಳು ತಗಡು ಎಷ್ಟು ದಿನ ತಾಳೀತು?

ಈ ಹಿತ್ತಾಳೆಗೆ ಕಾರ್ಟ್ರಿಜ್ ಬ್ರಾಸ್ ಅಂತಲೇ ಹೆಸರು. ನೂರಕ್ಕೆ 70 ಭಾಗ ತಾಮ್ರ, 30 ಭಾಗ ಸತು. ಬಡಿದರೆ, ಎಳೆದರೆ, ಹಿಂಡಿದರೆ ಒಳಗಿನ ಹರಳುಗಳ ಸಾಲು ಅಸ್ತವ್ಯಸ್ತವಾಗಿ ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತವೆ, ಲೋಹ ಗಡಸಾಗುತ್ತದೆ. ಸರಿಯಾಗಿ ಕಾಯಿಸಿದರೆ ಹಳೆಯ ಹರಳುಗಳ ಜಾಗದಲ್ಲಿ ಹೊಸವು ಹುಟ್ಟುತ್ತವೆ, ಲೋಹ ಮತ್ತೆ ಮೆದುವಾಗುತ್ತದೆ. ಇದೇ ಅನೀಲಿಂಗ್. ಹದ ಮಾಡುವುದು ಅಂದರೂ ನಡೆಯುತ್ತದೆ, ನನಗೆ ಆ ಮಾತೇ ಇಷ್ಟ, ಯಾಕೆಂದರೆ ಇದರ ಕಷ್ಟವೆಲ್ಲ ಆ ಹದದಲ್ಲೇ ಇದೆ.

ಓದಿ ತಿಳಿದುಕೊಂಡ ಮಟ್ಟಿಗೆ ಕೆಲಸ ಸುಲಭ ಅನ್ನಿಸಿತ್ತು. ಕತ್ತು ಮತ್ತು ಅದರ ಕೆಳಗೆ ಇಳಿಜಾರಾಗಿ ಅಗಲವಾಗುವ ಭುಜವನ್ನು ಬೆಂಕಿಯಲ್ಲಿ ಕಾಯಿಸು, ಬಣ್ಣ ಬದಲಾದ ಕೂಡಲೇ ತೆಗೆ. ಅಷ್ಟೇ. ಆದರೆ ಒಂದು ಎಚ್ಚರಿಕೆಯನ್ನು ಎಲ್ಲರೂ ಒಂದೇ ಸ್ವರದಲ್ಲಿ ಹೇಳುತ್ತಾರೆ: ತಳಕ್ಕೆ ಶಾಖ ಮುಟ್ಟಬಾರದು. 308ರ ಗರಿಷ್ಠ ಒತ್ತಡ ಚದರ ಇಂಚಿಗೆ 62,000 ಪೌಂಡ್. ಕತ್ತು, ಮೈ ಎಲ್ಲ ಚೇಂಬರಿನ ಉಕ್ಕಿನ ಗೋಡೆಗೆ ಒರಗಿಕೊಂಡು ಬಚಾವಾಗುತ್ತವೆ. ತಳಕ್ಕೆ ಪೂರ್ತಿ ಆಸರೆ ಇಲ್ಲ, ಅದು ತನ್ನ ಗಟ್ಟಿತನದಿಂದಲೇ ತಡೆದುಕೊಳ್ಳಬೇಕು. ಕಾರ್ಖಾನೆಯಲ್ಲಿ ಅದಕ್ಕೇ ತಳವನ್ನು ಗಡಸಾಗಿ, ಕತ್ತನ್ನು ಮೆದುವಾಗಿ ಬಿಟ್ಟಿರುತ್ತಾರೆ. ತಳ ಮೆತ್ತಗಾದ ಕೇಸು ಹಾರಿಸಿದರೆ ಬಿಸಿ ಗಾಳಿ ಹಿಂದಕ್ಕೆ, ಅಂದರೆ ಮುಖದ ಕಡೆಗೆ ನುಗ್ಗಬಹುದು. ಇದನ್ನು ಓದಿ ಬಿಟ್ಟುಬಿಡಬೇಡಿ. ಅರ್ಥವಾಗುವ ತನಕ ಗ್ಯಾಸ್ ಟಾರ್ಚ್ ಮುಟ್ಟಬೇಡಿ.

ಮೊದಲ ದಿನ ತಯಾರಿಯಲ್ಲೇ ಕಳೆಯಿತು. ಆ ಹದಿನೇಳರ ಜೊತೆ ನನ್ನ ಹತ್ತಿರ ಇದ್ದ ಬೇರೆ 308 ಕೇಸುಗಳನ್ನೂ ಸೇರಿಸಿಕೊಂಡು ಹಳೆ ಪ್ರೈಮರ್ ತಟ್ಟಿ ತೆಗೆದೆ. ಆಮೇಲೆ ಪ್ರತಿ ಕೇಸನ್ನೂ ದೀಪಕ್ಕೆ ಹಿಡಿದು ತಳದ ತೂತಿನಿಂದ ಬೆಳಕು ಬರುತ್ತದಾ ಅಂತ ನೋಡಿದೆ. ಈ ನೋಡುವ ಕೆಲಸ ಶುದ್ಧ ಸಮಯ ಹಾಳು ಅಂದುಕೊಂಡೇ ಮಾಡಿದ್ದು, ಆದರೆ ಇಪ್ಪತ್ತನಾಲ್ಕನೆಯದರಲ್ಲಿ ಬೆಳಕು ಬರಲಿಲ್ಲ. ಹಾರಿಸದ ಹೊಸ ಪ್ರೈಮರ್ ಒಂದು ಅದರಲ್ಲಿ ಕೂತಿತ್ತು, ಹಿಂದೆ ಯಾವಾಗಲೋ ಅರ್ಧಕ್ಕೆ ಬಿಟ್ಟ ಕೇಸು ಇದರಲ್ಲಿ ಬೆರೆತುಹೋಗಿತ್ತು. ಅದನ್ನು ಬೆಂಕಿಗೆ ಹಿಡಿದಿದ್ದರೆ ಕೈಯಲ್ಲೇ ಸಿಡಿಯುತ್ತಿತ್ತು. ಮೈ ಜುಮ್ಮೆಂದಿತು. ಅವತ್ತಿನಿಂದ ಬೆಳಕಿಗೆ ಹಿಡಿಯದೆ ಒಂದು ಕೇಸನ್ನೂ ಕಾಯಿಸಿಲ್ಲ.

ಇನ್ನೊಂದು ದಡ್ಡತನವೂ ಅವತ್ತೇ ಬಯಲಾಯಿತು. ಕೇಸು ಫಳಫಳ ಹೊಳೆಯಲಿ ಅಂತ ನಾನು ಹಿತ್ತಾಳೆ ಪಾಲಿಶ್ ಹಾಕಿ ಉಜ್ಜುತ್ತಿದ್ದೆ. ಆ ಡಬ್ಬಿಯಲ್ಲಿ ಅಮೋನಿಯಾ ಇತ್ತು. ಹಿತ್ತಾಳೆಗೆ ಅಮೋನಿಯಾ ಹಳೆಯ ಶತ್ರು. ಬ್ರಿಟಿಷರ ಕಾಲದಲ್ಲಿ ಭಾರತದ ಸೇನೆಯವರು ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಟ್ಟರೆ, ಯಾರೂ ಮುಟ್ಟದಿದ್ದರೂ ಕೇಸುಗಳು ತಾವಾಗಿಯೇ ಬಿರುಕು ಬಿಡುತ್ತಿದ್ದವು. ಮಳೆಗಾಲದ ರೋಗ ಅನ್ನುವ ಅರ್ಥದಲ್ಲಿ ಅದಕ್ಕೆ ಸೀಸನ್ ಕ್ರ್ಯಾಕಿಂಗ್ ಅಂತ ಹೆಸರು ಬಿತ್ತು. ಕಾರಣ ಏನು ಅಂತ 1921ರಲ್ಲಿ ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಬಿಡಿಸಿ ಹೇಳಿದರು: ಕುದುರೆ ಗಂಜಲದಿಂದ ಬಂದ ಅಮೋನಿಯಾ ಒಂದು ಕಡೆ, ಕೇಸು ಮಾಡುವಾಗಲೇ ಲೋಹದೊಳಗೆ ಉಳಿದ ಸೆಳೆತ ಇನ್ನೊಂದು ಕಡೆ, ಎರಡೂ ಸೇರಿ ಹಿತ್ತಾಳೆಯನ್ನು ಸೀಳುತ್ತಿದ್ದವು. ಹದವಾಗಿ ಕಾಯಿಸಿ ಆ ಸೆಳೆತ ಇಳಿಸುವುದೇ ಅದಕ್ಕೆ ಮದ್ದು. ನಾನು ಒಂದು ಕೈಯಲ್ಲಿ ಕತ್ತು ಯಾಕೆ ಸೀಳಿತು ಅಂತ ತಲೆ ಕೆರೆದುಕೊಳ್ಳುತ್ತಾ, ಇನ್ನೊಂದು ಕೈಯಲ್ಲಿ ಲಾಯದ ಗಾಳಿಯನ್ನೇ ಬಟ್ಟೆಗೆ ಹಚ್ಚಿ ಉಜ್ಜುತ್ತಿದ್ದೆ ಅಲ್ವಾ. ಡಬ್ಬಿ ಆಚೆ ಹೋಯಿತು. ಈಗ ಟಂಬ್ಲರ್ ಅನ್ನುವ ಉಜ್ಜುವ ಯಂತ್ರದಲ್ಲಿ ಒಣ ಮೆಕ್ಕೆಜೋಳದ ದಿಂಡಿನ ಪುಡಿ ಹಾಕಿ ತಿರುಗಿಸುತ್ತೇನೆ, ಹೊಳಪು ಕಮ್ಮಿಯಾದರೆ ಆಗಲಿ. ಪ್ರೈಮರಿನ ಮಸಿಯಲ್ಲಿ ಸೀಸದ ಅಂಶ ಇರುತ್ತದೆ, ಹಾಗಾಗಿ ಆ ಧೂಳು ಉಸಿರಿಗೆ ಹೋಗದ ಹಾಗೆ ನೋಡಿಕೊಳ್ಳಬೇಕು, ಕೈಗವಸು ಬೇಕು, ಕೆಲಸ ಮುಗಿದ ಮೇಲೆ ಕೈ ತೊಳೆಯಲೇಬೇಕು.

ಮೊದಲ ಪ್ರಯತ್ನ ಅತ್ಯಂತ ಹಳೆಯ ವಿಧಾನದ್ದು. ಅಗಲವಾದ ತಟ್ಟೆಯಲ್ಲಿ ನೀರು ಹಾಕಿ, ಕೇಸುಗಳ ತಳ ನೀರಲ್ಲಿ ಮುಳುಗುವ ಹಾಗೆ ಸಾಲಾಗಿ ನಿಲ್ಲಿಸಿ, ಗ್ಯಾಸ್ ಟಾರ್ಚಿನಿಂದ ಕತ್ತಿಗೆ ಉರಿ ಕೊಟ್ಟು, ಬಣ್ಣ ಬಂದ ಕೂಡಲೇ ಕಡ್ಡಿಯಿಂದ ತಳ್ಳಿ ನೀರಿಗೆ ಬೀಳಿಸುವುದು. ತಳ ನೀರಲ್ಲೇ ಇರುವುದರಿಂದ ಕಾಯುವ ಭಯವಿಲ್ಲ. ಅದೊಂದು ಒಳ್ಳೆಯ ಗುಣ, ಒಪ್ಪಿಕೊಳ್ಳಲೇಬೇಕು. ಉಳಿದದ್ದೆಲ್ಲ ತೊಂದರೆ. ಉರಿ ಒಂದೇ ಕಡೆಯಿಂದ ಬರುತ್ತದೆ, ಆ ಕಡೆ ಕಾಯುವಷ್ಟರಲ್ಲಿ ಇನ್ನೊಂದು ಕಡೆ ಹಾಗೇ ಇರುತ್ತದೆ. ಪಕ್ಕದ ಕೇಸು ತನ್ನ ಸರದಿ ಬರುವ ಮೊದಲೇ ಅರ್ಧ ಬಿಸಿಯಾಗಿರುತ್ತದೆ. ತಳ್ಳುವಾಗ ಒಂದು ಬಿದ್ದರೆ ಅದು ಇನ್ನೆರಡನ್ನು ಕೆಡವುತ್ತದೆ, ಆ ಇನ್ನೆರಡು ಇನ್ನೂ ಕಾದೇ ಇಲ್ಲ, ಮತ್ತೆ ನಿಲ್ಲಿಸಬೇಕು, ಯಾವುದು ಆಗಿದೆ ಯಾವುದು ಆಗಿಲ್ಲ ಅಂತ ಲೆಕ್ಕ ತಪ್ಪುತ್ತದೆ.

ಆದರೂ ಮುಗಿದಾಗ ನನಗೆ ಖುಷಿಯೋ ಖುಷಿ. ಕತ್ತಿನಿಂದ ಭುಜದ ಕೆಳಗಿನವರೆಗೆ ಚಂದದ ಬಣ್ಣ, ಮೇಲೆ ಒಣಹುಲ್ಲಿನ ಹಳದಿ, ಅಂಚಿನಲ್ಲಿ ನೀಲಿ, ನೇರಳೆ. ಮಿಲಿಟರಿ ಕೇಸುಗಳ ಮೇಲೆ ಇದೇ ಥರದ ಪಟ್ಟಿ ಇರುತ್ತದೆ. ಸೇನೆಗೆ ಹೋಗುವ ಕೇಸು ಹದವಾಗಿ ಕಾದಿದೆ ಅಂತ ಪರೀಕ್ಷೆ ಮಾಡುವವರ ಕಣ್ಣಿಗೆ ಕಾಣಲಿ ಅಂತ ಅದನ್ನು ಉಜ್ಜದೆ ಬಿಟ್ಟಿರುತ್ತಾರೆ. ಅಂಗಡಿಗೆ ಹೋಗುವ ಕೇಸುಗಳನ್ನು ಬಹುತೇಕ ತಯಾರಕರು ಪಾಲಿಶ್ ಮಾಡಿಬಿಡುತ್ತಾರೆ, ಅಲ್ಲೂ ಕಾಯಿಸಿಯೇ ಇರುತ್ತಾರೆ, ಕಾಣುವುದಿಲ್ಲ ಅಷ್ಟೇ. ನನ್ನ ಕೇಸನ್ನು ಒಂದು ಮಿಲಿಟರಿ ಕೇಸಿನ ಪಕ್ಕ ಇಟ್ಟು ನೋಡಿದೆ. ಅಣ್ಣತಮ್ಮಂದಿರ ಹಾಗಿದ್ದವು.

ನೀರು ಒಣಗಲು ಒಂದೂವರೆ ದಿನ ಬೇಕಾಯಿತು. ಕೇಸಿನೊಳಗೆ ಸೇರಿದ ನೀರು ಅಷ್ಟು ಸುಲಭಕ್ಕೆ ಹೊರಗೆ ಬರುವುದಿಲ್ಲ. ಒಣಗಿದ ಮೇಲೆ ಎಣ್ಣೆ ಸವರಿ ಸೈಜಿಂಗ್ ಡೈಗೆ ಹಾಕಿ ಪ್ರೆಸ್ಸಿನ ಹಿಡಿ ಎಳೆದೆ.

ಏನೂ ಬದಲಾಗಿರಲಿಲ್ಲ. ಅದೇ ಬಿಗಿ, ಅದೇ ಕಿರುಗುಟ್ಟುವಿಕೆ. ಒಂದು ಸಲೀಸಾಗಿ ಹೋದರೆ ಮುಂದಿನದು ಒದ್ದಾಡುತ್ತದೆ. ಅಳತೆ ಮಾಡಿದರೆ ಹಿಂಡಿದ ಕತ್ತು ಮೊದಲಿನಷ್ಟೇ ಹಿಂದಕ್ಕೆ ಚಿಮ್ಮುತ್ತಿದೆ. ಮೆದು ಲೋಹ ಹಿಂಡಿದ ಕಡೆ ನಿಲ್ಲಬೇಕು, ಗಡಸು ಲೋಹ ಸ್ಪ್ರಿಂಗಿನ ಹಾಗೆ ಮರಳಿ ಬರುತ್ತದೆ. ನನ್ನವು ಮರಳಿ ಬರುತ್ತಿದ್ದವು.

ತುಂಬ ವರ್ಷದಿಂದ ಈ ಕೆಲಸ ಮಾಡುತ್ತಿರುವ ಹಿರಿಯರೊಬ್ಬರಿಗೆ ತೋರಿಸಿದೆ. "ಸರ್, ಬಣ್ಣ ಇಷ್ಟು ಚೆನ್ನಾಗಿ ಬಂದಿದೆ, ಆದ್ರೂ ಯಾಕೆ ಹೀಗೆ?" ಅಂತ ಕೇಳಿದೆ. ಅವರು ಕೇಸನ್ನು ಒಂದು ಸುತ್ತು ತಿರುಗಿಸಿ ನೋಡಿ ನಕ್ಕರು. "ಬಣ್ಣ ಬರೀ ಮೇಲ್ಗಡೆ ಚರ್ಮ ಕಣಪ್ಪಾ. ಒಳಗೆ ಏನಾಗಿದೆ ಅಂತ ಅದನ್ನ ಕೇಳಿದ್ರೆ ಹೇಳಲ್ಲ. ನಿನ್ನ ಕೈನ ಕೇಳು."

ಆ ಮಾತು ಅವತ್ತು ಪೂರ್ತಿ ತಲೆಗೆ ಹೋಗಲಿಲ್ಲ. ಈಗ ಗೊತ್ತಿದೆ. ಆ ಹಳದಿ ನೀಲಿ ಎಲ್ಲ ಲೋಹದ ಮೇಲೆ ಕೂತ ತೆಳುವಾದ ಆಕ್ಸೈಡ್ ಪದರದ ಆಟ. ಕಾಯಿಸಿದ ಕೂಡಲೇ ಅದು ಮೂಡುತ್ತದೆ, ಒಳಗಿನ ಹರಳುಗಳು ಬದಲಾಗಿರಲಿ ಬಿಡಲಿ. ಹಿತ್ತಾಳೆ ಮೆದುವಾಗುವುದಕ್ಕೆ ಶಾಖ ಮತ್ತು ಸಮಯ ಎರಡೂ ಬೇಕು, ಮತ್ತು ಎರಡಕ್ಕೂ ಒಂದು ಕೊಡುಕೊಳ್ಳುವ ವ್ಯವಹಾರ ಇದೆ. ಶಾಖ ಕಮ್ಮಿ ಇದ್ದರೆ ಸಮಯ ಜಾಸ್ತಿ ಬೇಕು, ಅದೂ ಸ್ವಲ್ಪ ಜಾಸ್ತಿಯಲ್ಲ, ತುಂಬಾ ಜಾಸ್ತಿ. ಹಳಬರು ಹೇಳುತ್ತಾ ಬಂದ 750 ಡಿಗ್ರಿ ಫ್ಯಾರನ್‌ಹೀಟ್ ಅನ್ನುವ ಸಂಖ್ಯೆ, ಅಂದರೆ ಸುಮಾರು 400 ಸೆಲ್ಸಿಯಸ್, ಕುಲುಮೆಯಲ್ಲಿ ಬಹಳ ಹೊತ್ತು ಇಟ್ಟರೆ ಸರಿ. ಟಾರ್ಚಿನ ಮುಂದೆ ಕೆಲವೇ ಸೆಕೆಂಡು ಆ ಶಾಖ ಮುಟ್ಟಿಸಿದರೆ ಬಣ್ಣ ಬರುತ್ತದೆ, ಗಡಸುತನ ಹೆಚ್ಚೇನೂ ಇಳಿಯುವುದಿಲ್ಲ. ಸೆಕೆಂಡುಗಳಲ್ಲಿ ಕೆಲಸ ಆಗಬೇಕಾದರೆ 500 ಸೆಲ್ಸಿಯಸ್ ದಾಟಿ ಹೋಗಬೇಕು. ಹಾಗಂತ ಅಲ್ಲೇ ಬಿಟ್ಟರೆ ಹರಳುಗಳು ಬೆಳೆಯುತ್ತಾ ದಪ್ಪಗಾಗಿ ಕತ್ತು ಪೂರ್ತಿ ಸತ್ವ ಕಳೆದುಕೊಳ್ಳುತ್ತದೆ.

ಅದನ್ನೂ ಮಾಡಿದೆ. ಮಾಡದೆ ಬಿಡುತ್ತೇನಾ?

ಎರಡನೇ ಸಲ ಡ್ರಿಲ್ ಬಳಸಿದೆ. ಬ್ಯಾಟರಿ ಡ್ರಿಲ್ಲಿಗೆ ಉದ್ದನೆಯ ಸಾಕೆಟ್ ಸಿಕ್ಕಿಸಿ, ಅದರೊಳಗೆ ಕೇಸನ್ನು ತಳ ಒಳಗೆ ಹೋಗುವ ಹಾಗೆ ಇಟ್ಟು ನಿಧಾನಕ್ಕೆ ತಿರುಗಿಸುತ್ತಾ ಉರಿಗೆ ಹಿಡಿಯುವುದು. ತಿರುಗುವುದರಿಂದ ಸುತ್ತಲೂ ಸಮನಾಗಿ ಕಾಯುತ್ತದೆ. ತಟ್ಟೆ ನೀರಿನ ವಿಧಾನಕ್ಕೂ ಇದಕ್ಕೂ ಅಜಗಜಾಂತರ. ಆದರೆ ನಾನು ಮಧ್ಯಾಹ್ನ, ಕಿಟಕಿ ತೆಗೆದಿಟ್ಟು, ಒಳ್ಳೆ ಬೆಳಕಿನಲ್ಲಿ ಕೂತಿದ್ದೆ. ಹೋದ ಸಲ ಕಮ್ಮಿ ಆಯಿತಲ್ಲ, ಈ ಸಲ ಕತ್ತು ಕೆಂಪಗಾಗುವ ತನಕ ಬಿಡುವುದಿಲ್ಲ ಅಂತ ಹಟ. ಹಗಲು ಬೆಳಕಲ್ಲಿ ಕೆಂಪು ಕಣ್ಣಿಗೆ ಬೀಳಬೇಕಾದರೆ ಲೋಹ ಆಗಲೇ ಮಿತಿ ಮೀರಿ ಕಾದಿರುತ್ತದೆ ಅನ್ನುವುದು ಹೊಳೆಯಲೇ ಇಲ್ಲ. ಕತ್ತಿನ ಸುತ್ತ ನೀಲಿ ಉರಿಗೆ ಕಿತ್ತಳೆ ಬಣ್ಣ ಬಂದಾಗಲೂ ಆಹಾ ಅಂದುಕೊಂಡೆ. ಅದು ನಿಲ್ಲಿಸು ಅನ್ನುವ ಸೂಚನೆ.

ಹದಿನಾಲ್ಕು ಕೇಸು ಮುಗಿಸಿದ ಮೇಲೆ ಅನುಮಾನ ಬಂತು. ತಣ್ಣಗಾದ ಒಂದರ ಕತ್ತನ್ನು ಇಕ್ಕಳದಲ್ಲಿ ಮೆಲ್ಲಗೆ ಒತ್ತಿದೆ. ಬಗ್ಗಿತು, ಬಗ್ಗಿದಲ್ಲೇ ಉಳಿಯಿತು. ಸರಿಯಾಗಿ ಕಾದ ಕತ್ತು ಸ್ವಲ್ಪ ಒತ್ತಿ ಬಿಟ್ಟರೆ ಮೊದಲಿನ ದುಂಡಿಗೆ ಬರಬೇಕು. ಇದು ತಗಡಿನ ಹಾಗೆ ಸುಮ್ನೆ ಮಲಗಿತು. ಇನ್ನೊಂದನ್ನು ಸೈಜ್ ಮಾಡಿ ಗುಂಡು ಕೂರಿಸಿ ನೋಡಿದೆ, ಮದ್ದು ಹಾಕದೆ. ಹೆಬ್ಬೆರಳಲ್ಲಿ ತಳ್ಳಿದರೆ ಗುಂಡು ಒಳಗೆ ಜಾರಿತು. ನಿಜವಾದ ತೋಟಾದಲ್ಲಿ ಹೀಗೆ ಗುಂಡು ಒಳಗೆ ಸರಿದರೆ ಒತ್ತಡ ಏರುತ್ತದೆ, ಆಟವಲ್ಲ. ಒಮ್ಮೆ ಮಿತಿಮೀರಿ ಕಾಯಿಸಿದ್ದನ್ನು ತಿರುಗಿ ಗಡಸು ಮಾಡಲು ಬೆಂಕಿಯಿಂದ ಆಗುವುದಿಲ್ಲ. ನೀರಿಗೆ ಹಾಕಿ ತಣಿಸಿದರೂ ಆಗುವುದಿಲ್ಲ. ಉಕ್ಕನ್ನು ಕಾಯಿಸಿ ನೀರಿಗೆ ಅದ್ದಿದರೆ ಗಡಸಾಗುತ್ತದೆ, ಹಿತ್ತಾಳೆಗೆ ಆ ಗುಣ ಇಲ್ಲ. ಹಿತ್ತಾಳೆ ಗಡಸಾಗುವುದು ಪೆಟ್ಟಿನಿಂದ, ಹಿಂಡುವುದರಿಂದ ಮಾತ್ರ. ಹದಿನಾಲ್ಕನ್ನೂ ಸುತ್ತಿಗೆಯಿಂದ ಚಪ್ಪಟೆ ಮಾಡಿ ಗುಜರಿ ಡಬ್ಬಿಗೆ ಹಾಕಿದೆ. ಚಪ್ಪಟೆ ಯಾಕೆ ಮಾಡಿದೆ ಅಂದರೆ, ನನ್ನನ್ನು ನಾನು ನಂಬುವುದಿಲ್ಲ. ಆರು ತಿಂಗಳ ಮೇಲೆ ಪರವಾಗಿಲ್ಲ ಚೆನ್ನಾಗೇ ಇದೆಯಲ್ಲ ಅಂತ ಎತ್ತಿಕೊಳ್ಳುವ ಆಸಾಮಿ ನಾನು.

ಅವತ್ತೇ ಇನ್ನೊಂದು ಎಡವಟ್ಟು. ಬಿಸಿ ಕೇಸು ಬೀಳಿಸಲು ಪ್ಲಾಸ್ಟಿಕ್ ಬಕೆಟ್ ಇಟ್ಟಿದ್ದೆ, ನೀರು ಹಾಕದೆ. ಮೊದಲನೆಯ ಕೇಸು ಬಕೆಟಿನ ತಳ ಕೊರೆದುಕೊಂಡು ನೆಲ ಸೇರಿತು. ಆ ಪ್ಲಾಸ್ಟಿಕ್ ವಾಸನೆ ಮೂರು ದಿನ ಕೋಣೆಯಲ್ಲಿತ್ತು.

ಮೂರನೇ ಸಲಕ್ಕೆ ಒಂದು ವಾರ ಸುಮ್ಮನೆ ಕೂತೆ. ಯೋಚನೆ ಮಾಡಿದೆ. ಸಮಸ್ಯೆ ಬೆಂಕಿಯದ್ದಲ್ಲ, ನನ್ನ ಅಳತೆಯದ್ದು. ಕಣ್ಣಳತೆ ಬಿಟ್ಟು ಬೇರೆ ಏನಾದರೂ ಬೇಕು.

ಮೊದಲು ಕೇಸುಗಳನ್ನು ಬೇರೆ ಮಾಡಿದೆ. ಒಂದೇ ಕಂಪನಿ, ಒಂದೇ ಲಾಟ್, ಒಂದೇ ಸಂಖ್ಯೆಯ ಹಾರಾಟ. ಹೆಸರಿಗೆ ಎಲ್ಲವೂ 308 ಆದರೂ ಒಬ್ಬರ ಕೇಸಿನ ಗೋಡೆ ದಪ್ಪ, ಇನ್ನೊಬ್ಬರದು ತೆಳು. ದಪ್ಪದ್ದಕ್ಕೆ ಹೊಂದಿಸಿದ ಸಮಯದಲ್ಲಿ ತೆಳುವಿನದು ಸುಟ್ಟುಹೋಗುತ್ತದೆ. ಮೊದಲೆರಡು ಸಲ ನಾನು ಎಲ್ಲವನ್ನೂ ಕಲಸಿಹಾಕಿದ್ದೆ. ನಿಕಲ್ ಲೇಪ ಇದ್ದ ನಾಲ್ಕನ್ನು ಪಕ್ಕಕ್ಕಿಟ್ಟೆ, ಲೇಪ ಇಲ್ಲದವುಗಳ ಜೊತೆ ಅವನ್ನು ಬೆರೆಸುವುದು ಬೇಡ ಅನ್ನಿಸಿತು.

ಆಮೇಲೆ ಟೆಂಪಿಲಾಕ್ ತಂದೆ. ಅದು ಬಣ್ಣದ ಥರದ ದ್ರವ, ಹಚ್ಚಿದರೆ ಒಣಗಿ ಪುಡಿಪುಡಿಯಾಗಿ ಕೂರುತ್ತದೆ, ಬಾಟಲಿ ಮೇಲೆ ಬರೆದ ಶಾಖ ತಲುಪಿದ ಕೂಡಲೇ ಕರಗುತ್ತದೆ. 475 ಡಿಗ್ರಿ ಫ್ಯಾರನ್‌ಹೀಟಿನದ್ದನ್ನು, ಅಂದರೆ 246 ಸೆಲ್ಸಿಯಸ್, ಭುಜದ ಕೆಳಗೆ ಮೈ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದೆ. ಕತ್ತು ಎಷ್ಟು ಕಾದಿದೆ ಅಂತ ತಿಳಿಯುವುದಕ್ಕಲ್ಲ ಇದು, ಶಾಖ ಎಲ್ಲಿಯವರೆಗೆ ಇಳಿದಿದೆ ಅಂತ ತಿಳಿಯುವುದಕ್ಕೆ. ಹಿತ್ತಾಳೆ ಉಕ್ಕಿಗಿಂತ ತುಂಬಾ ಬೇಗ ಶಾಖ ಸಾಗಿಸುತ್ತದೆ, ಕತ್ತಿನ ಬಿಸಿ ತಳದ ಕಡೆಗೆ ಓಡುತ್ತಲೇ ಇರುತ್ತದೆ. ಅದು ಓಡುವ ಮೊದಲೇ ಕೆಲಸ ಮುಗಿಸಬೇಕು. ಹಾಗಾಗಿ ಜೋರಾದ ಉರಿ, ಕಮ್ಮಿ ಸಮಯ. ಸಣ್ಣ ಉರಿಯಲ್ಲಿ ನಿಧಾನಕ್ಕೆ ಕಾಯಿಸಿದರೆ ಸುರಕ್ಷಿತ ಅನ್ನಿಸುತ್ತದೆ, ನಿಜವಾಗಿ ಅದೇ ಅಪಾಯ. ಕತ್ತು ಕಾಯುವಷ್ಟರಲ್ಲಿ ತಳವೂ ಕಾದಿರುತ್ತದೆ.

ಮತ್ತೆ ಕತ್ತಲು. ರಾತ್ರಿ ದೀಪ ಆರಿಸಿ ಕೆಲಸಕ್ಕೆ ಕೂತೆ, ಗಾಳಿಯಾಡಲು ಕಿಟಕಿ ಮಾತ್ರ ತೆಗೆದಿಟ್ಟು. ಯಾವ ಘನ ವಸ್ತುವೇ ಆಗಲಿ ಸುಮಾರು 525 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಕತ್ತಲಲ್ಲಿ ಕಣ್ಣಿಗೆ ಮಸುಕಾಗಿ ಕೆಂಪು ಕಾಣಲು ಶುರುವಾಗುತ್ತದೆ. ಅದಕ್ಕೆ ಡ್ರೇಪರ್ ಬಿಂದು ಅನ್ನುತ್ತಾರೆ. ಹೊಳಪಲ್ಲ ಅದು. ಇದೆಯೋ ಇಲ್ಲವೋ ಅನ್ನಿಸುವ ಒಂದು ನೆರಳು ಕೆಂಪು. ನಮಗೆ ಬೇಕಾದದ್ದು ಆ ಹೊಸ್ತಿಲು. ಹಗಲು ಕಾಣುವ ಕೆಂಪಿಗೂ ಇದಕ್ಕೂ ಸಂಬಂಧವೇ ಇಲ್ಲ.

ಸಮಯಕ್ಕೆ ಸಂಗೀತದವರು ಇಟ್ಟುಕೊಳ್ಳುವ ಮೆಟ್ರೊನೋಮ್ ಫೋನಿನಲ್ಲಿ ಹಾಕಿದೆ, ಸೆಕೆಂಡಿಗೊಂದು ಟಕ್. ಬಾಯಲ್ಲಿ ಒಂದು ಎರಡು ಎಣಿಸಿದರೆ ಐವತ್ತನೆಯ ಕೇಸಿನ ಹೊತ್ತಿಗೆ ನನ್ನ ಸೆಕೆಂಡು ಉದ್ದವಾಗಿರುತ್ತದೆ. ಟಾರ್ಚನ್ನು ಕೈಯಲ್ಲಿ ಹಿಡಿಯದೆ ಸ್ಟ್ಯಾಂಡಿಗೆ ಕಟ್ಟಿದೆ, ಉರಿಯ ಒಳಗಿನ ನೀಲಿ ತುದಿಯ ಎದುರು ಕತ್ತು ಮತ್ತು ಭುಜ ಸೇರುವ ಜಾಗ ಬರುವ ಹಾಗೆ. ಎದುರಿಗೆ ಒಂದು ಕಲ್ಲಿನ ಗುರುತು ಇಟ್ಟು ಡ್ರಿಲ್ ಅಲ್ಲಿಗೇ ಬರಬೇಕು ಅಂತ ಮಾಡಿಕೊಂಡೆ. ಆಚೆ ಈಚೆ ಅರ್ಧ ಬೆರಳು ಸರಿದರೂ ಸಮಯ ಪೂರ್ತಿ ಬದಲಾಗುತ್ತದೆ.

ಹತ್ತು ಹಳೇ ಕೇಸು ಬಲಿ ಕೊಟ್ಟೆ, ಮೊದಲೇ ಕತ್ತು ಸೀಳಿದ್ದ ಮೂರನ್ನೂ ಸೇರಿಸಿ. ನಾಲ್ಕು ಸೆಕೆಂಡಿಗೆ ಏನೂ ಇಲ್ಲ. ಐದಕ್ಕೆ ಏನೂ ಇಲ್ಲ. ಆರಕ್ಕೆ ಕತ್ತಿನ ಅಂಚಲ್ಲಿ ಏನೋ ಕಂಡ ಹಾಗಾಯಿತು. ಏಳಕ್ಕೆ ಖಂಡಿತ ಕೆಂಪು. ಎಂಟಕ್ಕೆ ಉರಿ ಕಿತ್ತಳೆಗೆ ತಿರುಗಿತು. ಆರೂವರೆಯ ಹತ್ತಿರದ್ದನ್ನು ಇಕ್ಕಳಕ್ಕೆ ಹಾಕಿದರೆ ಬಗ್ಗಿ ಮರಳಿ ಬಂತು, ಆದರೆ ಕಾಯಿಸದ ಕೇಸಿನ ಹಾಗೆ ಚಟಕ್ ಅಂತಲ್ಲ, ಸ್ವಲ್ಪ ಸೋಮಾರಿಯಾಗಿ. ಟೆಂಪಿಲಾಕ್ ಗೆರೆ ಭುಜದ ಕೆಳಗೆ ಸ್ವಲ್ಪ ದೂರ ಕರಗಿ ಅಲ್ಲೇ ನಿಂತಿತ್ತು. ತಳದ ಅರ್ಧ ಪೂರ್ತಿ ಹಾಗೇ ಇತ್ತು. ಇದು ನನ್ನ ಟಾರ್ಚು, ನನ್ನ ಕೇಸು, ನನ್ನ ದೂರಕ್ಕೆ ಬಂದ ಲೆಕ್ಕ. ಆರೂವರೆ ಅಂತ ಬರೆದುಕೊಂಡು ಹೋಗಿ ನಿಮ್ಮ ಟಾರ್ಚಿನ ಮುಂದೆ ಹಿಡಿಯಬೇಡಿ ಮಾರಾಯ್ರೇ.

ಉಳಿದವನ್ನು ಒಂದೇ ಕೂತಿನಲ್ಲಿ ಮುಗಿಸಿದೆ. ಸಾಕೆಟ್ಟಿಗೆ ಹಾಕು, ಟಕ್ ಟಕ್ ಟಕ್, ಡ್ರಿಲ್ ಬಗ್ಗಿಸಿ ಕಬ್ಬಿಣದ ತಟ್ಟೆಗೆ ಬೀಳಿಸು. ಪ್ಲಾಸ್ಟಿಕ್ ಅಲ್ಲ, ಕಬ್ಬಿಣ. ನೀರು ಬಳಸಲಿಲ್ಲ. ನೀರು ಶಾಖ ತಳಕ್ಕೆ ಓಡುವುದನ್ನು ತಡೆಯುತ್ತದೆ ಅನ್ನುವುದು ನಿಜ, ಆದರೆ ಟೆಂಪಿಲಾಕ್ ತಳ ಕಾಯುತ್ತಿಲ್ಲ ಅಂತ ತೋರಿಸಿದ ಮೇಲೆ ಒಣಗಿಸುವ ತಾಪತ್ರಯ ಯಾರಿಗೆ ಬೇಕು. ಮೂವತ್ತು ಕೇಸು ಆದ ಮೇಲೆ ಸಾಕೆಟ್ಟೇ ಬಿಸಿಯಾಗಿ ಕೂತಿತ್ತು. ಹಾಗಾದರೆ ತಳವೂ ಬಿಸಿ ಸಾಕೆಟ್ಟಿನಲ್ಲಿ ಕೂರುತ್ತದೆ ಅಲ್ವಾ? ಇದನ್ನು ಯಾರೂ ಹೇಳಿರಲಿಲ್ಲ. ಅಲ್ಲಿಂದ ಹತ್ತು ಕೇಸಿಗೊಮ್ಮೆ ಸಾಕೆಟ್ಟನ್ನು ಒದ್ದೆ ಬಟ್ಟೆಯಲ್ಲಿ ತಣಿಸಿ ಒರೆಸಿ ಮುಂದುವರಿದೆ.

ಬೆಳಗ್ಗೆ ಎದ್ದು ನೋಡಿದರೆ ಬಣ್ಣ ಏನೇನೂ ಚಂದ ಇಲ್ಲ. ಕತ್ತು ಬೂದು ಹಿಡಿದ ಹಾಗೆ ಮಸುಕು, ನೀಲಿ ಪಟ್ಟಿ ಒಂದರಲ್ಲಿ ಇದೆ ಇನ್ನೊಂದರಲ್ಲಿ ಕಾಣುವುದೇ ಇಲ್ಲ. ಮೊದಲ ಸಲದ ಆ ಮಿಲಿಟರಿ ಬಣ್ಣದ ಪಕ್ಕ ಇಟ್ಟರೆ ಇವು ಬಡವರ ಮಕ್ಕಳ ಹಾಗೆ ಕಂಡವು.

ಪ್ರೆಸ್ಸಿನ ಹಿಡಿ ಎಳೆದೆ. ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ಎರಡನೆಯದೂ ಹಾಗೇ, ಹತ್ತನೆಯದೂ ಹಾಗೇ. ಅದಕ್ಕಿಂತ ಮುಖ್ಯವಾಗಿ, ಎಲ್ಲವೂ ಒಂದೇ ಥರ. ಹಿರಿಯರು ಕೈನ ಕೇಳು ಅಂದದ್ದು ಇದನ್ನೇ. ಕೈಗೆ ಒಂದು ಕೇಸಿಗೂ ಮುಂದಿನ ಕೇಸಿಗೂ ವ್ಯತ್ಯಾಸ ಗೊತ್ತಾಗದ ಹಾಗಿದ್ದರೆ ಹದ ಬಂದಿದೆ. ಗುಂಡು ಕೂರಿಸುವಾಗಲೂ ಪ್ರತಿಯೊಂದು ಅಷ್ಟೇ ಬಿಗಿಯಲ್ಲಿ ಇಳಿಯಿತು. ಕತ್ತು ಗುಂಡನ್ನು ಹಿಡಿಯುವ ಬಿಗಿ ಒಂದೊಂದಕ್ಕೆ ಒಂದೊಂದು ಥರ ಇದ್ದರೆ ಗುರಿ ಹಲಗೆಯ ಮೇಲೆ ಅದು ಕಾಣುತ್ತದೆ, ಅದಕ್ಕೇ ಗುರಿಕಾರರು ಇಷ್ಟೆಲ್ಲ ಒದ್ದಾಡುವುದು.

ಆದರೆ ಎರಡು ಹೊಸ ತೊಂದರೆ ಹುಟ್ಟಿಕೊಂಡವು. ಒಂದು, ಎಕ್ಸ್‌ಪ್ಯಾಂಡರ್ ಗುಂಡಿ ಕತ್ತಿನಿಂದ ಹೊರಬರುವಾಗ ಕೀಚ್ ಅನ್ನುತ್ತಿತ್ತು. ಕತ್ತಿನೊಳಗೆ ಮಸಿ ಇದ್ದಾಗ ಅದೇ ಎಣ್ಣೆಯ ಕೆಲಸ ಮಾಡುತ್ತಿತ್ತಂತೆ, ಬೆಂಕಿ ಅದನ್ನು ಸುಟ್ಟು ಒರಟು ಮಾಡಿತ್ತು. ಗ್ರಾಫೈಟ್ ಪುಡಿಯನ್ನು ಬ್ರಶ್ಶಿನಲ್ಲಿ ಒಂಚೂರು ಸವರಿದ ಮೇಲೆ ಸರಿಹೋಯಿತು.

ಎರಡನೆಯದು ಸ್ವಲ್ಪ ಗಂಭೀರ. ಡೈಯನ್ನು ನಾನು ಗಡಸಾದ ಕೇಸುಗಳಿಗೆ ಹೊಂದಿಸಿ ಇಟ್ಟಿದ್ದೆ. ತಳದ ಕಡೆಗೆ ತಳ್ಳಿದ ಭುಜ ಮರಳಿ ಮುಂದಕ್ಕೆ ಚಿಮ್ಮುತ್ತದೆ ಅಂತ ಲೆಕ್ಕ ಹಾಕಿ ಒಂಚೂರು ಜಾಸ್ತಿಯೇ ತಳ್ಳುವ ಹಾಗೆ. ಈಗ ಭುಜ ಮೆದುವಾಗಿದೆ, ತಳ್ಳಿದಷ್ಟೂ ಹೋಗುತ್ತದೆ, ಹೋದಲ್ಲೇ ನಿಲ್ಲುತ್ತದೆ. ಅಳತೆ ಮಾಡಿದರೆ ಇಂಚಿನ ಸಾವಿರದಲ್ಲಿ ಎರಡು ಭಾಗ ಹೆಚ್ಚು ಹಿಂದೆ ಹೋಗಿತ್ತು. ಕೇಳಲು ಅಲ್ಪ, ಆದರೆ ಭುಜ ಜಾಸ್ತಿ ಹಿಂದೆ ಹೋದರೆ ಪ್ರತಿ ಸಲ ಹಾರಿಸುವಾಗಲೂ ಮೈ ಎಳೆದುಕೊಂಡು ತಳದ ಮೇಲ್ಗಡೆ ಗೋಡೆ ತೆಳುವಾಗುತ್ತಾ ಬರುತ್ತದೆ, ಒಂದು ದಿನ ಕೇಸು ಎರಡು ತುಂಡಾಗುತ್ತದೆ. ಹೊರಗಿನಿಂದ ತಳದ ಹತ್ತಿರ ಒಂದು ಮಿನುಗುವ ಉಂಗುರ ಕಾಣುತ್ತದೆ. ತುದಿ ಬಗ್ಗಿಸಿದ ತಂತಿಯನ್ನು ಒಳಗೆ ಇಳಿಸಿ ಗೋಡೆಗೆ ಸವರಿದರೆ ಅಲ್ಲಿ ಹಳ್ಳ ಸಿಗುತ್ತದೆ. ಅನೀಲಿಂಗ್ ಕತ್ತಿನ ರೋಗಕ್ಕೆ ಮಾತ್ರ ಮದ್ದು, ಈ ರೋಗಕ್ಕಲ್ಲ. ಡೈಯನ್ನು ಹೊಸದಾಗಿ ಹೊಂದಿಸಿದೆ. ಈಗ ಪ್ರತಿ ಮೂರು ಹಾರಾಟಕ್ಕೊಮ್ಮೆ ಕಾಯಿಸುತ್ತೇನೆ, ಹಾಗಾಗಿ ಗಡಸುತನ ಹೆಚ್ಚು ಕಮ್ಮಿ ಒಂದೇ ಮಟ್ಟದಲ್ಲಿರುತ್ತದೆ, ಡೈ ಪದೇ ಪದೇ ಮುಟ್ಟಬೇಕಾಗಿಲ್ಲ.

ಇದಕ್ಕೆ ಮೆಷಿನ್ ಇಲ್ವಾ ಅಂತ ಕೇಳುತ್ತೀರಿ. ಇದೆ. ನ್ಯೂಜಿಲೆಂಡಿನ ಎಎಂಪಿ ಅನ್ನುವವರು ಇಂಡಕ್ಷನ್ ಯಂತ್ರ ಮಾಡುತ್ತಾರೆ, ಒಂದು ಕೇಸನ್ನು ಬಲಿ ಕೊಟ್ಟರೆ ಯಂತ್ರವೇ ಅದನ್ನು ಅಳೆದು ಆ ಲಾಟಿಗೆ ಎಷ್ಟು ಶಾಖ ಬೇಕು ಅಂತ ಲೆಕ್ಕ ಹಾಕುತ್ತದೆ. ನಾನು ಬಲಿ ಕೊಟ್ಟದ್ದು ಹತ್ತು, ಅದರ ಹಿಂದೆ ಇನ್ನೂ ಹದಿನಾಲ್ಕು. ಕರಗಿಸಿದ ನೈಟ್ರೇಟ್ ಉಪ್ಪಿನ ದ್ರವದಲ್ಲಿ ಕತ್ತನ್ನು ಅದ್ದುವ ವಿಧಾನವೂ ಇದೆ. ಶಾಖ ಒಂದೇ ಸಮನೆ ಇರುತ್ತದೆ, ಅದು ಸರಿ. ಆದರೆ 500 ಡಿಗ್ರಿ ದಾಟಿದ ಉಪ್ಪಿನೊಳಗೆ ಒದ್ದೆ ಕೇಸಿನಿಂದ ಒಂದು ಹನಿ ನೀರು ಇಳಿದರೂ ಆವಿಯಾಗಿ ಸಿಡಿದು ಮುಖಕ್ಕೆ ಹಾರುತ್ತದೆ. ನನ್ನ ಕೈಯ ಎಡವಟ್ಟುಗಳ ಪಟ್ಟಿ ನೋಡಿದ ಮೇಲೆ ಆ ಪಾತ್ರೆಯ ಹತ್ತಿರ ನಾನು ಹೋಗುವುದು ಬೇಡ ಅಂತ ನಿಮಗೂ ಅನ್ನಿಸಿರಬೇಕು.

ಆ ಲಾಟಿನ ಕೇಸುಗಳು ಈಗ ಹದಿಮೂರನೇ ಸುತ್ತಿನಲ್ಲಿವೆ. ಹೋದ ವಾರ ಹೊಸ ಪ್ರೈಮರ್ ಕೂರಿಸುವಾಗ ಒಂದು ಕೇಸಿನಲ್ಲಿ ಅದು ಬೆರಳಿನ ಒತ್ತಡಕ್ಕೇ ಸಡಿಲವಾಗಿ ಒಳಗೆ ಜಾರಿತು. ಪ್ರೈಮರ್ ಕೂರುವ ಗುಳಿ ಹಿಗ್ಗಿಬಿಟ್ಟಿದೆ. ಪ್ರೈಮರನ್ನು ಮೆಲ್ಲಗೆ ಹೊರಗೆ ತಳ್ಳಿ, ಕೇಸಿನ ಕತ್ತನ್ನು ದೀಪದ ಕೆಳಗೆ ತಿರುಗಿಸಿ ನೋಡಿದೆ. ಒಂದು ಗೀರೂ ಇಲ್ಲ. ಸೋತಿದ್ದು ತಳ. ಇಷ್ಟು ಸಲ ಹಾರಿದ್ದಕ್ಕೋ, ಆ ರಾತ್ರಿ ಬಿಸಿ ಸಾಕೆಟ್ಟಿನಲ್ಲಿ ಕೂತಿದ್ದಕ್ಕೋ ಅಂತ ಹೇಳಲು ಈಗ ದಾರಿಯಿಲ್ಲ, ಮೊದಲ ಮೂವತ್ತಕ್ಕೆ ಗುರುತು ಹಾಕಿಡುವ ಬುದ್ಧಿ ನನಗೆ ಬಂದಿರಲಿಲ್ಲ. ಸುತ್ತಿಗೆ ತೆಗೆದುಕೊಂಡೆ, ಚಪ್ಪಟೆ ಮಾಡಿ ಗುಜರಿ ಡಬ್ಬಿಗೆ ಹಾಕಿದೆ, ಆಮೇಲೆ ಉಳಿದ ಎಲ್ಲದರ ಗುಳಿಯನ್ನೂ ಒಂದೊಂದಾಗಿ ನೋಡುತ್ತಾ ಕೂತೆ.